ಗೊಂಬೆಯ ಹಳೇ ಬಣ್ಣ ಬಿಡಿಸುವ ರಸಾಯನಶಾಸ್ತ್ರ

ಮಕ್ಕಳೇ, ಈ ಸಲದ ಪಾಠಕ್ಕೆ ಬೇಕಾದ ಸಾಮಾನು ನಿಮ್ಮ ಮನೆಯಲ್ಲೇ ಇದೆ. ಅಟ್ಟದ ಮೇಲಿನ ಡಬ್ಬಿಯಲ್ಲಿ ಹುಡುಕಿದರೆ ಬಣ್ಣ ಮಾಸಿದ ಪ್ಲಾಸ್ಟಿಕ್ ಆನೆ, ಚಕ್ರ ಕಳಚಿದ ಲೋಹದ ಪುಟಾಣಿ ಕಾರು, ದಸರಾಕ್ಕೆ ಕೂರಿಸುತ್ತಿದ್ದ ಸೈನಿಕನ ಗೊಂಬೆ ಸಿಗಬಹುದು. ಅದಕ್ಕೆ ಹೊಸ ಬಣ್ಣ ಹಚ್ಚಬೇಕು ಅಂತ ನಿಮಗೆ ಅನಿಸುತ್ತೆ. ಹಳೇ ಬಣ್ಣದ ಮೇಲೆಯೇ ಹಚ್ಚಿದರೆ ಆಗಲ್ವಾ? ಆಗುತ್ತೆ, ಆದರೆ ಚೆನ್ನಾಗಿರಲ್ಲ. ಬಣ್ಣದ ಒಂದು ಪದರ ಒಣಗಿದ ಮೇಲೆ ಸುಮಾರು 0.03 ಮಿಲಿಮೀಟರ್ ದಪ್ಪ ಇರುತ್ತೆ ಅಂತ ಇಟ್ಟುಕೊಳ್ಳಿ. ಐದು ಪದರ ಸೇರಿದರೆ 0.15 ಮಿಲಿಮೀಟರ್. ಗೋಡೆಗೆ ಅದು ಲೆಕ್ಕಕ್ಕಿಲ್ಲ. ಆದರೆ ಎರಡು ಬೆರಳಿನಷ್ಟು ಎತ್ತರದ ಗೊಂಬೆಯ ಕಣ್ಣಿನ ಗೆರೆ, ಬಟ್ಟೆಯ ಮಡಿಕೆ ಎಲ್ಲಾ ಅಷ್ಟರಲ್ಲೇ ಮುಚ್ಚಿಹೋಗುತ್ತೆ.

ಇಂಗ್ಲೆಂಡ್, ಅಮೆರಿಕದಂಥ ದೇಶಗಳಲ್ಲಿ ಸುಮಾರು 28 ಮಿಲಿಮೀಟರ್ ಎತ್ತರದ ಸೈನಿಕರ ಗೊಂಬೆಗಳಿಗೆ ಬಣ್ಣ ಹಚ್ಚಿ ಮೇಜಿನ ಮೇಲೆ ಯುದ್ಧದ ಆಟ ಆಡುವ ಹವ್ಯಾಸ ಬಹಳ ಜನರಿಗಿದೆ. ಹಳೇ ಗೊಂಬೆ ಕೊಂಡು ಬಣ್ಣ ಬಿಡಿಸಿ ಹೊಸದಾಗಿ ಹಚ್ಚುವುದೇ ಅವರಿಗೆ ಒಂದು ಕೆಲಸ. ಅದಕ್ಕೆ ಅವರು ಬಳಸುವುದರಲ್ಲಿ ಹೆಚ್ಚಿನವು ಮನೆಯ ಕ್ಲೀನರ್‌ಗಳೇ. ಯಾವ ಕ್ಲೀನರ್ ಯಾವ ಬಣ್ಣವನ್ನು ಬಿಡಿಸುತ್ತೆ, ಯಾವುದು ಗೊಂಬೆಯನ್ನೇ ಕರಗಿಸಿಬಿಡುತ್ತೆ, ಯಾವ ಗೊಂಬೆಯನ್ನು ಮುಟ್ಟಲೇಬಾರದು ಎಂಬುದಕ್ಕೆಲ್ಲ ಉತ್ತರ ನಿಮ್ಮ ವಿಜ್ಞಾನ ಪಾಠದಲ್ಲೇ ಇದೆ. ದ್ರಾವಕ, ಆಮ್ಲ-ಪ್ರತ್ಯಾಮ್ಲ, ಸಾಬೂನು, ಸಾಂದ್ರತೆ, ಲೋಹಗಳು ಎಂಬ ಐದು ಪಾಠಗಳು ಈ ಒಂದು ಗೊಂಬೆಯ ಮೇಲೆ ಬಂದು ಕೂರುತ್ತವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೆಳಗೆ "ಚಟುವಟಿಕೆ" ಅಂತ ಬರೆದಿರುವುದನ್ನು ಮಾತ್ರ ನೀವು ಮಾಡಿ, ಅದನ್ನೂ ಶಿಕ್ಷಕರ ಅಥವಾ ಮನೆಯ ಹಿರಿಯರ ಎದುರಿಗೆ. ಉಳಿದದ್ದು ಓದಿ ಅರ್ಥಮಾಡಿಕೊಳ್ಳಲಿಕ್ಕೆ.

1. ಬಣ್ಣ ಅಂದ್ರೆ ಏನು?

ಡಬ್ಬಿಯಲ್ಲಿರುವ ಪೇಂಟಿನಲ್ಲಿ ಮುಖ್ಯವಾಗಿ ಮೂರು ಭಾಗ. ಮೊದಲನೆಯದು ವರ್ಣಕ, ಅಂದರೆ ಬಣ್ಣ ಕೊಡುವ ನುಣ್ಣನೆಯ ಪುಡಿ. ಎರಡನೆಯದು ಬಂಧಕ, ಆ ಪುಡಿಯನ್ನು ಒಟ್ಟಿಗೆ ಹಿಡಿದು ಗೊಂಬೆಯ ಮೈಗೆ ಅಂಟಿಸುವ ವಸ್ತು. ಮೂರನೆಯದು ದ್ರಾವಕ, ಹಚ್ಚಲು ಸುಲಭವಾಗಲಿ ಅಂತ ಸೇರಿಸಿದ ದ್ರವ. ಒಣಗುವಾಗ ದ್ರಾವಕ ಆವಿಯಾಗಿ ಹೋಗುತ್ತೆ, ವರ್ಣಕ ಮತ್ತು ಬಂಧಕ ಉಳಿಯುತ್ತವೆ.

ನಾವು ಬಿಡಿಸಬೇಕಾದದ್ದು ಬಂಧಕವನ್ನು. ಇದು ನೆನಪಿರಲಿ. ಬಂಧಕ ಸಡಿಲಾದರೆ ವರ್ಣಕದ ಪುಡಿ ತಾನಾಗಿ ಬರುತ್ತೆ. ಹಾಗಾಗಿ "ಕೆಂಪು ಬಣ್ಣಕ್ಕೆ ಯಾವುದು, ನೀಲಿಗೆ ಯಾವುದು" ಎಂಬ ಪ್ರಶ್ನೆ ಸರಿಯಲ್ಲ. "ಬಂಧಕ ಯಾವುದು, ಅದು ಹೇಗೆ ಒಣಗಿದೆ" ಅಂತ ಕೇಳಬೇಕು.

ಬಂಧಕ ಒಣಗುವ ರೀತಿ ಎಲ್ಲಾ ಬಣ್ಣದಲ್ಲೂ ಒಂದೇ ಅಲ್ಲ.

ಬರೀ ಆವಿಯಾಗಿ ಒಣಗುವುದು: ಉಗುರಿಗೆ ಹಚ್ಚುವ ಪಾಲಿಶ್, ಅರಗಿನ ಪಾಲಿಶ್, ಶಾಲೆಯ ಪೋಸ್ಟರ್ ಕಲರ್ ಈ ಗುಂಪಿನವು. ದ್ರಾವಕ ಹೋಯಿತು, ಬಂಧಕ ಉಳಿಯಿತು, ಅಷ್ಟೆ. ರಾಸಾಯನಿಕ ಬದಲಾವಣೆ ಇಲ್ಲ. ಅದೇ ದ್ರಾವಕ ಮತ್ತೆ ಕೊಟ್ಟರೆ ಮತ್ತೆ ಕರಗುತ್ತೆ.

ಕಣಗಳು ಬೆಸೆದು ಒಣಗುವುದು: ಅಕ್ರಿಲಿಕ್ ಬಣ್ಣ. ನೀರಿನಲ್ಲಿ ತೇಲುತ್ತಿದ್ದ ಪ್ಲಾಸ್ಟಿಕ್ಕಿನ ಅತಿಸಣ್ಣ ಹನಿಗಳು ನೀರು ಹೋದ ಮೇಲೆ ಒಂದಕ್ಕೊಂದು ಅಂಟಿ ಪೊರೆಯಾಗುತ್ತವೆ. ಒಣಗಿದ ಮೇಲೆ ನೀರಿಗೆ ಜಗ್ಗಲ್ಲ. ಆದರೆ ಸ್ಪಿರಿಟ್‌ನಂಥ ದ್ರವಕ್ಕೆ ಮೆತ್ತಗಾಗುತ್ತೆ.

ಗಾಳಿಯ ಆಕ್ಸಿಜನ್ ಜೊತೆ ವರ್ತಿಸಿ ಗಟ್ಟಿಯಾಗುವುದು: ಎನಾಮಲ್, ಅಂದರೆ ಕಿಟಕಿ ಸರಳಿಗೆ ಹಚ್ಚುವ ಎಣ್ಣೆ ಬಣ್ಣ. ಇದರ ಬಂಧಕದಲ್ಲಿ ಅಗಸೆ ಎಣ್ಣೆಯಂಥ ಎಣ್ಣೆಗಳ ಅಣುಗಳು ಇರುತ್ತವೆ. ಅವು ಆಕ್ಸಿಜನ್ ಸೇರಿಸಿಕೊಂಡು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಕೊನೆಗೆ ಇಡೀ ಪೊರೆಯೇ ಒಂದು ದೊಡ್ಡ ಬಲೆ. ಟರ್ಪೆಂಟೈನಿನಲ್ಲಿ ಕಲಸಿ ಹಚ್ಚಿದ ಬಣ್ಣ ಒಣಗಿದ ಮೇಲೆ ಅದೇ ಟರ್ಪೆಂಟೈನಿನಲ್ಲಿ ಯಾಕೆ ಕರಗಲ್ಲ ಅಂತ ನಿಮಗೆ ಅನುಮಾನ ಬಂದಿರಬಹುದು. ಇದೇ ಕಾರಣ. ಅದು ಈಗ ಮೊದಲಿನ ವಸ್ತುವೇ ಅಲ್ಲ.

2. ಬಿಡಿಸಲು ಮೂರು ದಾರಿ

ಮೊದಲ ದಾರಿ, ಕರಗಿಸುವುದು. ಒಂದೇ ಸ್ವಭಾವದ ವಸ್ತುಗಳು ಒಂದರಲ್ಲೊಂದು ಕರಗುತ್ತವೆ. ಸಕ್ಕರೆ ನೀರಿನಲ್ಲಿ ಕರಗುತ್ತೆ, ಎಣ್ಣೆಯಲ್ಲಿ ಕರಗಲ್ಲ. ಉಗುರುಬಣ್ಣ ಅಸಿಟೋನಿನಲ್ಲಿ ಕರಗುತ್ತೆ, ನೀರಿನಲ್ಲಿ ಕರಗಲ್ಲ.

ಎರಡನೇ ದಾರಿ, ಉಬ್ಬಿಸುವುದು. ಮಳೆಗಾಲದಲ್ಲಿ ಮರದ ಬಾಗಿಲು ತೇವ ಹೀರಿ ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುವುದನ್ನು ನೋಡಿದ್ದೀರಲ್ಲ? ಬಣ್ಣದ ಪೊರೆಯೂ ಹಾಗೇ. ದ್ರವ ಒಳಗೆ ನುಗ್ಗಿದಾಗ ಪೊರೆ ಹಿಗ್ಗುತ್ತೆ, ಅದರಡಿಯ ಗೊಂಬೆ ಹಿಗ್ಗಲ್ಲ. ಜಾಗ ಸಾಲದೆ ಪೊರೆ ಸುಕ್ಕುಗಟ್ಟಿ ಎದ್ದು ಬರುತ್ತೆ. ಕರಗದ ಬಣ್ಣವನ್ನೂ ಹೀಗೆ ಎಬ್ಬಿಸಬಹುದು.

ಮೂರನೇ ದಾರಿ, ಬಂಧವನ್ನೇ ಕಡಿಯುವುದು. ಎನಾಮಲ್ಲಿನ ಅಣುಗಳಲ್ಲಿ ಎಸ್ಟರ್ ಬಂಧಗಳಿವೆ. ಎಸ್ಟರ್‌ಗೆ ಪ್ರತ್ಯಾಮ್ಲ ಸಿಕ್ಕರೆ ಏನಾಗುತ್ತೆ? ಸಾಬೂನು ಮಾಡುವ ಪಾಠ ನೆನಪಿಸಿಕೊಳ್ಳಿ:

ಎಣ್ಣೆ (ಎಸ್ಟರ್) + ಸೋಡಿಯಂ ಹೈಡ್ರಾಕ್ಸೈಡ್ → ಸಾಬೂನು + ಗ್ಲಿಸರಾಲ್

ಇದೇ ಸಾಬೂನೀಕರಣ. ಹಳೇ ಎಣ್ಣೆ ಬಣ್ಣದ ಮೇಲೆ ಪ್ರತ್ಯಾಮ್ಲ ಹಾಕಿದಾಗಲೂ ನಡೆಯುವುದು ಇದೇ ಕ್ರಿಯೆ, ನಿಧಾನವಾಗಿ. ಬಲೆಯ ಗಂಟುಗಳು ಬಿಚ್ಚುತ್ತವೆ. ಬಣ್ಣ ಮುಟ್ಟಿದರೆ ಜಾರುವ ಹಾಗೆ ಆಗುತ್ತೆ, ಯಾಕಂದ್ರೆ ಅದರ ಒಂದು ಭಾಗ ನಿಜವಾಗಿಯೂ ಸಾಬೂನಾಗಿದೆ.

3. ಮೊದಲು ಗೊಂಬೆ ಯಾವುದರದ್ದು ಅಂತ ತಿಳಿಯಿರಿ

ಬಣ್ಣವನ್ನು ತಿನ್ನುವ ದ್ರವ ಗೊಂಬೆಯನ್ನೂ ತಿನ್ನಬಹುದು. ಆದ್ದರಿಂದ ಬಾಟಲಿ ತೆರೆಯುವ ಮೊದಲು ಗೊಂಬೆ ಪರೀಕ್ಷೆ ಆಗಬೇಕು. ಇದಕ್ಕೆ ಸಾಂದ್ರತೆಯ ಪಾಠ ಸಾಕು.

ಚಟುವಟಿಕೆ 1: ತೇಲುತ್ತಾ, ಮುಳುಗುತ್ತಾ?

ಎರಡು ಲೋಟ ತಗೊಳ್ಳಿ. ಒಂದಕ್ಕೆ ಬರೀ ನೀರು. ಇನ್ನೊಂದಕ್ಕೆ 250 ಮಿಲಿಲೀಟರ್ ನೀರು ಹಾಕಿ ಸುಮಾರು 90 ಗ್ರಾಂ ಉಪ್ಪು ಕದಡಿ. ಇನ್ನು ಕರಗಲ್ಲ ಅನ್ನುವಷ್ಟು. ಇದರ ಸಾಂದ್ರತೆ ಪ್ರತಿ ಮಿಲಿಲೀಟರಿಗೆ ಸುಮಾರು 1.2 ಗ್ರಾಂ. ಈಗ ಮುರಿದ ಆಟಿಕೆಗಳ ಚೂರುಗಳನ್ನು ಒಂದೊಂದಾಗಿ ಬಿಡಿ. ಪೊಳ್ಳು ಗೊಂಬೆ ಬೇಡ, ಒಳಗಿನ ಗಾಳಿ ಮೋಸ ಮಾಡುತ್ತೆ. ಚೂರಿಗೆ ಅಂಟಿದ ಗುಳ್ಳೆಗಳನ್ನು ಬೆರಳಿನಿಂದ ಒರೆಸಿ.

• ಬರೀ ನೀರಿನಲ್ಲೇ ತೇಲಿದರೆ: ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್. ಸಾಂದ್ರತೆ 0.90ರಿಂದ 0.97. ಬಗ್ಗಿಸಿದರೆ ಬಗ್ಗುವ, ಮೇಣದ ಹಾಗೆ ನುಣುಪಾದ ಆಟಿಕೆಗಳು.
• ನೀರಿನಲ್ಲಿ ಮುಳುಗಿ ಉಪ್ಪುನೀರಿನಲ್ಲಿ ತೇಲಿದರೆ: ಹೆಚ್ಚಾಗಿ ಪಾಲಿಸ್ಟೈರೀನ್ ಅಥವಾ ಎಬಿಎಸ್. ಸಾಂದ್ರತೆ ಸುಮಾರು 1.05. ಗಟ್ಟಿ, ಬಗ್ಗಿಸಿದರೆ ಚಟ್ಟನೆ ಮುರಿಯುವುದು ಪಾಲಿಸ್ಟೈರೀನ್.
• ಎರಡರಲ್ಲೂ ಮುಳುಗಿದ ಪ್ಲಾಸ್ಟಿಕ್: ಸಾಮಾನ್ಯವಾಗಿ ಪಿವಿಸಿ.

ಲೋಹದ ಗೊಂಬೆಗಾದರೆ ತೂಕ ನೋಡಿ, ಅಳತೆ ಜಾಡಿಯಲ್ಲಿ ಮುಳುಗಿಸಿ ಎಷ್ಟು ನೀರು ಏರಿತು ನೋಡಿ, ಭಾಗಿಸಿ. ಒಂದು ಕಾರಿನ ಲೋಹದ ಭಾಗ 33 ಗ್ರಾಂ, ನೀರು ಏರಿದ್ದು 5 ಮಿಲಿಲೀಟರ್ ಅಂದುಕೊಳ್ಳಿ. 33 ÷ 5 = 6.6. ಇದು ಪುಟಾಣಿ ಕಾರುಗಳಿಗೆ ಬಳಸುವ ಸತುವಿನ ಮಿಶ್ರಲೋಹದ ಸಾಂದ್ರತೆಗೆ ಸರಿಹೊಂದುತ್ತೆ. ಅಲ್ಯೂಮಿನಿಯಂ ಆಗಿದ್ದರೆ 2.7, ಕಬ್ಬಿಣ 7.8 ಬರಬೇಕಿತ್ತು. ಇನ್ನೊಂದು ಹಳೇ ಸೈನಿಕ 45 ಗ್ರಾಂ, ನೀರು ಏರಿದ್ದು 4 ಮಿಲಿಲೀಟರ್. 45 ÷ 4 = 11.25. ಸೀಸದ ಸಾಂದ್ರತೆ 11.3! ಆ ಗೊಂಬೆಯನ್ನು ಅಲ್ಲಿಗೇ ಬಿಟ್ಟು ಕೈ ತೊಳೆಯಿರಿ. ಯಾಕೆ ಅಂತ 5ನೇ ಭಾಗದಲ್ಲಿ ಹೇಳುತ್ತೇನೆ. ಬಣ್ಣ ಉದುರುತ್ತಿರುವ ಹಳೇ ಲೋಹದ ಗೊಂಬೆಯನ್ನು ಮಾತ್ರ ಈ ಪರೀಕ್ಷೆಗೂ ತರಬೇಡಿ.

4. ಮನೆಯ ಕ್ಲೀನರ್‌ಗಳು, ಒಂದೊಂದಾಗಿ

ಸಾಬೂನು ನೀರು. ಇದು ಜಿಡ್ಡು, ಕೊಳೆ ತೆಗೆಯುತ್ತೆ. ಪೋಸ್ಟರ್ ಕಲರ್ ಬಿಟ್ಟರೆ ಬೇರೆ ಬಣ್ಣವನ್ನು ಸಾಮಾನ್ಯವಾಗಿ ತೆಗೆಯಲ್ಲ. ಆದರೆ ಪಾಲಿಥೀನ್ ಆಟಿಕೆಯ ವಿಷಯ ಬೇರೆ. ಪಾಲಿಥೀನಿಗೆ ಯಾವ ಬಣ್ಣವೂ ಗಟ್ಟಿಯಾಗಿ ಅಂಟಲ್ಲ, ಬಗ್ಗಿಸಿದಾಗೆಲ್ಲ ಹೆಕ್ಕಳಿಕೆ ಏಳುತ್ತೆ. ಅಂಥದ್ದಕ್ಕೆ ಉಗುರುಬೆಚ್ಚಗಿನ ಸಾಬೂನು ನೀರು, ಹಳೇ ಟೂತ್‌ಬ್ರಷ್ ಎಷ್ಟೋ ಸಲ ಸಾಕಾಗುತ್ತೆ. ಯಾವಾಗಲೂ ಇದರಿಂದಲೇ ಶುರುಮಾಡಿ.

ವಾಷಿಂಗ್ ಸೋಡಾ. ಸೋಡಿಯಂ ಕಾರ್ಬೊನೇಟ್. ಇದರ ದ್ರಾವಣದ ಪಿಎಚ್ 11ರ ಆಸುಪಾಸು. ಅಡುಗೆ ಸೋಡಾದ ಪಿಎಚ್ ಸುಮಾರು 8. ವ್ಯತ್ಯಾಸ ಮೂರೇ ಅಲ್ವಾ ಅನ್ನಬೇಡಿ. ಪಿಎಚ್ ಒಂದು ಮೆಟ್ಟಿಲು ಏರಿದರೆ ಹೈಡ್ರಾಕ್ಸೈಡ್ ಅಯಾನುಗಳು ಹತ್ತು ಪಟ್ಟು ಆಗುತ್ತವೆ. ಮೂರು ಮೆಟ್ಟಿಲು ಅಂದರೆ 10 × 10 × 10, ಸಾವಿರ ಪಟ್ಟು. ಹಾಗಾಗಿ ಅಡುಗೆ ಸೋಡಾ ಎಣ್ಣೆ ಬಣ್ಣವನ್ನು ಬಿಡಿಸಲ್ಲ, ವಾಷಿಂಗ್ ಸೋಡಾ ನಿಧಾನವಾಗಿ ಬಿಡಿಸುತ್ತೆ.

ಇಲ್ಲಿ ಗಡಿನಾಡಿನ ನಮಗೆ ಒಂದು ತೊಡಕಿದೆ. ಅಂಗಡಿಯಲ್ಲಿ ಕೇಳುವ ಹೆಸರು ಪಾಠಪುಸ್ತಕದ ಹೆಸರಲ್ಲ. ಕಾಸರಗೋಡಿನಲ್ಲಿ ಮಲಯಾಳದ ಚೀಟಿಯಲ್ಲಿ "ಅಲಕ್ಕುಕಾರಂ" ಅಂದರೆ ವಾಷಿಂಗ್ ಸೋಡಾ, "ಅಪ್ಪಕ್ಕಾರಂ" ಅಂದರೆ ಅಡುಗೆ ಸೋಡಾ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆ ಮರಾಠಿಯಲ್ಲಿ "ಧುಣ್ಯಾಚಾ ಸೋಡಾ" ಮತ್ತು "ಖಾಣ್ಯಾಚಾ ಸೋಡಾ". ತಾಳವಾಡಿ, ಹೊಸೂರಿನಲ್ಲಿ ತಮಿಳಿನ "ಸಲವೈ ಸೋಡಾ" ಮತ್ತು "ಸಮೈಯಲ್ ಸೋಡಾ". ಆದವಾನಿ, ರಾಯದುರ್ಗ, ಮಡಕಶಿರಾದಲ್ಲಿ ತೆಲುಗಿನ "ಬಟ್ಟಲ ಸೋಡಾ" ಮತ್ತು "ವಂಟ ಸೋಡಾ". ಎಲ್ಲಾ ಭಾಷೆಯಲ್ಲೂ ಒಂದು ಒಗೆಯುವ ಸೋಡಾ, ಒಂದು ತಿನ್ನುವ ಸೋಡಾ. ಇವೆರಡೂ ಅಲ್ಲದ ಮೂರನೆಯದು ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್. ಅದು ಚರ್ಮ ಸುಡುತ್ತೆ, ಕಣ್ಣಿಗೆ ಬಿದ್ದರೆ ದೃಷ್ಟಿಯನ್ನೇ ಕಳೆಯಬಹುದು. ಕಟ್ಟಿದ ಚರಂಡಿ ಬಿಡಿಸುವ ಕೆಲವು ಪುಡಿಗಳಲ್ಲಿ ಅದೇ ಇರುವುದು. ಅದು ನಿಮ್ಮ ಕೈಗೆ ಬರಲೇಬಾರದು. "ಸೋಡಾ ಕೊಡಿ" ಅಂತ ಮಾತ್ರ ಹೇಳಿ ಅಂಗಡಿಯಿಂದ ತರಬೇಡಿ. ಪೊಟ್ಟಣದ ಮೇಲಿನ ರಾಸಾಯನಿಕ ಹೆಸರು ಓದಿ. ಲಿಪಿ ಗೊತ್ತಿಲ್ಲದಿದ್ದರೆ ಗೊತ್ತಿರುವವರಿಂದ ಓದಿಸಿ.

ವಾಷಿಂಗ್ ಸೋಡಾ ಪ್ಲಾಸ್ಟಿಕ್ಕಿಗೆ, ಕಬ್ಬಿಣಕ್ಕೆ ಹಾನಿ ಮಾಡಲ್ಲ. ಅಲ್ಯೂಮಿನಿಯಂಗೆ ಮಾಡುತ್ತೆ. ಅಲ್ಯೂಮಿನಿಯಂ ಪಾತ್ರೆಗೆ ಸೋಡಾ ಹಾಕಿ ತಿಕ್ಕಿದರೆ ಕಪ್ಪಾಗುತ್ತೆ ಅಂತ ಮನೆಯಲ್ಲಿ ಹೇಳುತ್ತಾರಲ್ಲ, ಅದು ಸರಿಯಾದ ರಸಾಯನಶಾಸ್ತ್ರ. ಅಲ್ಯೂಮಿನಿಯಂ, ಸತು ಎರಡರ ಆಕ್ಸೈಡುಗಳೂ ಉಭಯಧರ್ಮಿ. ಆಮ್ಲದ ಜೊತೆಗೂ ವರ್ತಿಸುತ್ತವೆ, ಪ್ರತ್ಯಾಮ್ಲದ ಜೊತೆಗೂ ವರ್ತಿಸುತ್ತವೆ. ಪ್ರಬಲ ಪ್ರತ್ಯಾಮ್ಲವಾದರೆ ಲೋಹವೇ ಕರಗುತ್ತೆ:

ಸತು + ಸೋಡಿಯಂ ಹೈಡ್ರಾಕ್ಸೈಡ್ → ಸೋಡಿಯಂ ಜಿಂಕೇಟ್ + ಹೈಡ್ರೋಜನ್

ಪುಟಾಣಿ ಕಾರಿನ ಸತುವಿನ ಮಿಶ್ರಲೋಹದಲ್ಲಿ ಸುಮಾರು ನೂರಕ್ಕೆ ನಾಲ್ಕು ಪಾಲು ಅಲ್ಯೂಮಿನಿಯಂ ಕೂಡ ಇರುತ್ತೆ. ಹಾಗಾಗಿ ಆ ಕಾರನ್ನು ರಾತ್ರಿಯಿಡೀ ಸೋಡಾದಲ್ಲಿ ನೆನೆಹಾಕಿದರೆ ಬಣ್ಣದ ಜೊತೆ ಹೊಳಪೂ ಹೋಗಿ ಮೈ ಕಪ್ಪುಕಪ್ಪಾಗುತ್ತೆ.

ಸ್ಪಿರಿಟ್, ಸ್ಯಾನಿಟೈಸರ್. 2020ರ ಕೋವಿಡ್ ನಂತರ ಶಾಲೆಗಳಿಗೂ ಸ್ಯಾನಿಟೈಸರ್ ಬಾಟಲಿ ಬಂತು. ಅದರಲ್ಲಿರುವುದು ಎಥನಾಲ್ ಅಥವಾ ಐಸೊಪ್ರೊಪೈಲ್ ಆಲ್ಕೊಹಾಲ್. ಅಕ್ರಿಲಿಕ್ ಬಣ್ಣವನ್ನು ಇದು ಮೆತ್ತಗೆ ಮಾಡುತ್ತೆ. ಪಾಲಿಸ್ಟೈರೀನಿಗೆ ಅಲ್ಪ ಹೊತ್ತಿನಲ್ಲಿ ಏನೂ ಮಾಡಲ್ಲ. ಹವ್ಯಾಸಿಗಳು ಪ್ಲಾಸ್ಟಿಕ್ ಸೈನಿಕರಿಗೆ ಇದನ್ನು ಹೆಚ್ಚು ನೆಚ್ಚಲು ಈ ಎರಡು ಗುಣಗಳೇ ಕಾರಣ. ಆದರೆ ಇದು ಬೇಗ ಹೊತ್ತಿಕೊಳ್ಳುವ ದ್ರವ. ಒಲೆ, ದೀಪ, ಊದುಬತ್ತಿ ಇರುವ ಕೋಣೆಯಲ್ಲಿ ತೆರೆಯಬಾರದು.

ಕಂದುಬಣ್ಣದ ಆ್ಯಂಟಿಸೆಪ್ಟಿಕ್ ದ್ರವ. ಡೆಟಾಲ್ ಇಂಗ್ಲೆಂಡಿನ ಗೊಂಬೆ ಹವ್ಯಾಸಿಗಳ ಹಳೇ ನೆಂಟ. ಗಾಯ ತೊಳೆಯುವ ದ್ರವ ಬಣ್ಣ ಬಿಡಿಸುವುದು ಹೇಗೆ? ಬಾಟಲಿಯ ಹಿಂಬದಿ ಓದಿ: ಕ್ಲೋರೊಕ್ಸೈಲೆನಾಲ್ 4.8%, ಟರ್ಪಿನಿಯಾಲ್, ಆಲ್ಕೊಹಾಲ್. ಕೊನೆಯ ಎರಡೂ ದ್ರಾವಕದ ಕೆಲಸ ಮಾಡುತ್ತವೆ. ನೀರು ಬೆರೆಸದೆ ಅದರಲ್ಲಿ ನೆನೆಸಿದರೆ ಅಕ್ರಿಲಿಕ್ ಬಣ್ಣ ಮೆತ್ತಗಾಗಿ ಬರುತ್ತೆ, ಪಾಲಿಸ್ಟೈರೀನ್ ಉಳಿಯುತ್ತೆ.

ಆದರೆ ಇದರಲ್ಲಿ ಒಂದು ಮೋಜಿದೆ. ನೆನೆದ ಗೊಂಬೆಯನ್ನು ನೇರ ನಲ್ಲಿ ನೀರಿಗೆ ಹಿಡಿದರೆ ಬಣ್ಣವೆಲ್ಲ ಅಂಟಂಟಾದ ಗೋಂದಾಗಿ ಮತ್ತೆ ಗೊಂಬೆಗೇ ಮೆತ್ತಿಕೊಳ್ಳುತ್ತೆ. ಯಾಕೆ? ಈ ದ್ರವದ ಒಂದು ಹನಿಯನ್ನು ನೀರಿಗೆ ಹಾಕಿ ನೋಡಿ, ಹಾಲಿನ ಹಾಗೆ ಬಿಳಿಯಾಗುತ್ತೆ. ಆಲ್ಕೊಹಾಲಿನಲ್ಲಿ ಕರಗಿದ್ದ ಎಣ್ಣೆಯಂಥ ಭಾಗ ನೀರಿನಲ್ಲಿ ಕರಗಲಾರದೆ ಸಣ್ಣ ಹನಿಗಳಾಗಿ ಹೊರಬಂದು ಎಮಲ್ಷನ್ ಆಯಿತು. ಗೊಂಬೆಯ ಮೇಲೂ ಅದೇ ಆಗುವುದು. ದ್ರಾವಕ ನೀರಿನ ಕಡೆ ಹೋದ ಕೂಡಲೇ ಅದರಲ್ಲಿ ಮೆತ್ತಗಾಗಿದ್ದ ಬಣ್ಣ ಅಂಟಾಗಿ ಉಳಿಯುತ್ತೆ. ಅದಕ್ಕೇ ಹವ್ಯಾಸಿಗಳು ಮೊದಲು ಅದೇ ದ್ರವದಲ್ಲಿ ಬ್ರಷ್ಷಿನಿಂದ ಉಜ್ಜಿ ಬಣ್ಣ ಪೂರ್ತಿ ತೆಗೆದು, ಕೊನೆಗೆ ಸಾಬೂನು ನೀರಿನಲ್ಲಿ ತೊಳೆಯುತ್ತಾರೆ. ನೀರು ಬೆರೆಸದ ಈ ದ್ರವ ಚರ್ಮಕ್ಕೆ ಉರಿ ತರಿಸುತ್ತೆ, ಕೈಗವಸು ಬೇಕೇ ಬೇಕು. ಬೆಕ್ಕಿಗಂತೂ ಇದು ವಿಷ. ಬಟ್ಟಲನ್ನು ಮುಚ್ಚದೆ ಬಿಡಬಾರದು.

ಅಸಿಟೋನ್, ಉಗುರುಬಣ್ಣ ತೆಗೆಯುವ ದ್ರವ. ಬಲವಾದ ದ್ರಾವಕ. ಬಣ್ಣ ಬೇಗ ಬಿಡುತ್ತೆ. ಲೋಹದ ಗೊಂಬೆಗೆ ಸರಿ. ಆದರೆ ಪಾಲಿಸ್ಟೈರೀನ್, ಎಬಿಎಸ್ ಗೊಂಬೆಗೆ ಹಾಕಿದರೆ ಗೊಂಬೆಯ ಮುಖವೇ ಕರಗಿ ಹೋಗುತ್ತೆ. ಥರ್ಮೋಕೋಲ್ ಕೂಡ ಪಾಲಿಸ್ಟೈರೀನೇ, ಅದರಲ್ಲಿ ಸುಮಾರು ನೂರಕ್ಕೆ 98 ಪಾಲು ಗಾಳಿ. ಅದರ ಮೇಲೆ ಶಿಕ್ಷಕರು ಎರಡು ಹನಿ ಅಸಿಟೋನ್ ಹಾಕಿದರೆ ಗುಂಡಿ ಬೀಳುವುದನ್ನು ನೋಡಬಹುದು. ಕೆಲವು ಬಾಟಲಿಯಲ್ಲಿ "ಅಸಿಟೋನ್ ಇಲ್ಲ" ಅಂತ ಬರೆದಿರುತ್ತೆ. ಅದರಲ್ಲಿ ಹೆಚ್ಚಾಗಿ ಈಥೈಲ್ ಅಸಿಟೇಟ್ ಇರುತ್ತೆ, ಅದೂ ಪಾಲಿಸ್ಟೈರೀನನ್ನು ಬಿಡಲ್ಲ. ಅಸಿಟೋನಿನ ಆವಿ ಸೊನ್ನೆಗಿಂತ ಕೆಳಗಿನ ಉಷ್ಣತೆಯಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತೆ. ಇದು ದೊಡ್ಡವರ ಕೈಯ ಕೆಲಸ.

ಬ್ಲೀಚ್. ಬಟ್ಟೆಯ ಕಲೆ ಹೋಗುತ್ತೆ, ಹಾಗಾದರೆ ಪೇಂಟೂ ಹೋಗಬೇಕಲ್ವಾ? ಇಲ್ಲ. ಬ್ಲೀಚ್ ಕಲೆಯ ಬಣ್ಣದ ಅಣುವನ್ನು ಉತ್ಕರ್ಷಿಸಿ ಬಣ್ಣಗೆಡಿಸುತ್ತೆ. ಪೇಂಟಿನ ಬಂಧಕವನ್ನು ಬಿಡಿಸುವುದು ಅದರ ಕೆಲಸ ಅಲ್ಲ. ಬಳಸಿ ಪ್ರಯೋಜನ ಇಲ್ಲ, ಅಪಾಯ ಮಾತ್ರ ಇದೆ.

ವಿನೆಗರ್, ನಿಂಬೆರಸ. ಸುಣ್ಣದ ಕಲೆಗೆ ಒಳ್ಳೆಯದು, ಪೇಂಟಿಗೆ ಹೆಚ್ಚೇನೂ ಆಗಲ್ಲ. ಸೋಡಾ ಮತ್ತು ವಿನೆಗರ್ ಸೇರಿಸಿದರೆ ಬುಸ್ಸೆಂದು ನೊರೆ ಬರುತ್ತೆ, ನೋಡಲು ಜೋರು. ಆದರೆ ಅಲ್ಲಿ ಆಮ್ಲವೂ ಪ್ರತ್ಯಾಮ್ಲವೂ ಒಂದನ್ನೊಂದು ತಟಸ್ಥಗೊಳಿಸಿ ಉಳಿಯುವುದು ಲವಣದ ನೀರು. ಇದ್ದ ಶಕ್ತಿಯೂ ಹೋಯಿತು.

ಎಂದೂ ಬೆರೆಸಬೇಡಿ: ಬ್ಲೀಚ್ ಮತ್ತು ಶೌಚಾಲಯ ತೊಳೆಯುವ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತೆ, ಅದು ಶ್ವಾಸಕೋಶವನ್ನು ಸುಡುತ್ತೆ. ಬ್ಲೀಚ್ ಮತ್ತು ಅಮೋನಿಯಾ ಇರುವ ಕ್ಲೀನರ್ ಸೇರಿದರೂ ವಿಷಾನಿಲ. "ಎರಡು ಹಾಕಿದರೆ ಎರಡರಷ್ಟು ಕೆಲಸ" ಎನ್ನುವುದು ರಸಾಯನಶಾಸ್ತ್ರದಲ್ಲಿ ನಡೆಯುವ ಲೆಕ್ಕ ಅಲ್ಲ.

5. ಹಳೇ ಬಣ್ಣದಲ್ಲಿ ಸೀಸ: ಇದನ್ನು ಎರಡು ಸಲ ಓದಿ

1893ರಲ್ಲಿ ಇಂಗ್ಲೆಂಡಿನ ಬ್ರಿಟನ್ಸ್ ಕಂಪನಿ ಒಳಗೆ ಪೊಳ್ಳಾಗಿರುವ ಸೀಸದ ಸೈನಿಕರನ್ನು ಎರಕ ಹೊಯ್ಯಲು ಶುರುಮಾಡಿತು. ದಶಕಗಟ್ಟಲೆ ಮಕ್ಕಳು ಅವನ್ನೇ ಹಿಡಿದು ಆಡಿದರು. 1960ರ ದಶಕದಲ್ಲಿ ಆ ಲೋಹದ ಸೈನಿಕರು ನಿಂತು ಪ್ಲಾಸ್ಟಿಕ್ಕಿನವರು ಬಂದರು. ಸೀಸದ ಅಪಾಯವೂ ಅದಕ್ಕೆ ಒಂದು ಕಾರಣ.

ಗೊಂಬೆ ಸೀಸದ್ದಲ್ಲದಿದ್ದರೂ ಬಣ್ಣದಲ್ಲಿ ಸೀಸ ಇರಬಹುದು. ಹಳದಿಗೆ ಸೀಸದ ಕ್ರೋಮೇಟ್, ಬಿಳಿಗೆ ಸೀಸದ ಕಾರ್ಬೊನೇಟ್, ಬೇಗ ಒಣಗಲಿ ಅಂತ ಸೀಸದ ಇನ್ನೊಂದು ಸಂಯುಕ್ತ ಹೀಗೆ ಹಿಂದೆ ಎನಾಮಲ್ಲಿಗೆ ಧಾರಾಳವಾಗಿ ಸೇರಿಸುತ್ತಿದ್ದರು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ 2016ರಲ್ಲಿ ಹೊರಬಿತ್ತು, 2017ರ ನವೆಂಬರಿನಿಂದ ಜಾರಿಗೆ ಬಂತು. 90 ಪಿಪಿಎಂ ಅಂದರೆ ಒಂದು ಕಿಲೋ ಬಣ್ಣದಲ್ಲಿ 90 ಮಿಲಿಗ್ರಾಂ. ಅದಕ್ಕಿಂತ ಹಿಂದಿನ ಗೊಂಬೆ, ತೊಟ್ಟಿಲು, ಕಿಟಕಿಗೆ ಈ ಕಾವಲು ಇರಲಿಲ್ಲ.

ಸೀಸ ಮೆದುಳಿಗೆ, ನರಗಳಿಗೆ, ರಕ್ತಕ್ಕೆ ಹಾನಿ ಮಾಡುತ್ತೆ. ದೇಹಕ್ಕೆ ಇಷ್ಟು ಸೇರಿದರೆ ಪರವಾಗಿಲ್ಲ ಅನ್ನುವ ಸುರಕ್ಷಿತ ಮಟ್ಟ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಬಾಯಿಗೆ ಹೋದ ಸೀಸವನ್ನು ಪುಟ್ಟ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತೆ. ದೇಹ ಅದನ್ನು ಕ್ಯಾಲ್ಸಿಯಂ ಇರಬೇಕಾದ ಮೂಳೆಯಲ್ಲಿ ಕೂಡಿಡುತ್ತೆ. ಬೆಂಗಳೂರಿನ ಜೀವರಸಾಯನ ವಿಜ್ಞಾನಿ ಡಾ. ತುಪ್ಪಿಲ್ ವೆಂಕಟೇಶ್ ಸೀಸದ ವಿಷದ ಬಗ್ಗೆ ದಶಕಗಳ ಕಾಲ ದುಡಿದವರು. ಜನ ಅವರನ್ನು "ಭಾರತದ ಲೆಡ್ ಮ್ಯಾನ್" ಎಂದೇ ಕರೆಯುತ್ತಾರೆ.

ಗೊಂಬೆಯ ವಿಷಯದಲ್ಲಿ ಇದರ ಅರ್ಥ ಇಷ್ಟು. ಗಟ್ಟಿಯಾಗಿ ಕೂತಿರುವ ಹಳೇ ಬಣ್ಣಕ್ಕಿಂತ ಪುಡಿಯಾದ ಹಳೇ ಬಣ್ಣ ಬಹಳ ಅಪಾಯ. ಉಪ್ಪುಕಾಗದ, ಬ್ಲೇಡು, ತಂತಿ ಬ್ರಷ್ ಹಿಡಿದು ಕೆರೆದರೆ ಆ ಪುಡಿ ಗಾಳಿಗೆ, ಕೈಗೆ, ಕೈಯಿಂದ ಬಾಯಿಗೆ ಹೋಗುತ್ತೆ. ಮನೆಯಲ್ಲಿ ತೆವಳುವ ಮಗು ಇದ್ದರೆ ಅದರ ಪಾಲಿಗೆ ನೆಲದ ಮೇಲಿನ ಎಲ್ಲವೂ ತಿಂಡಿ. ಬೆಂಕಿ ಹಿಡಿದು ಬಣ್ಣ ಸುಡುವುದು ಅದಕ್ಕಿಂತ ಕೆಟ್ಟದ್ದು. ಆದ್ದರಿಂದ ವರ್ಷ ಗೊತ್ತಿಲ್ಲದ ಹಳೇ ಎನಾಮಲ್ ಗೊಂಬೆ, ಸಾಂದ್ರತೆ 8ಕ್ಕಿಂತ ಜಾಸ್ತಿ ಬಂದು ಹಿತ್ತಾಳೆ, ತಾಮ್ರದ್ದಲ್ಲದ ಗೊಂಬೆ ಇವೆರಡನ್ನೂ ಬಿಡಿಸಲು ಹೋಗಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ. ಸಾಂದ್ರತೆಯ ಲೆಕ್ಕ ಅನುಮಾನ ಹುಟ್ಟಿಸಲು ಸಾಕು. ಖಚಿತವಾಗಿ ಹೇಳುವುದು ಪ್ರಯೋಗಾಲಯದ ಪರೀಕ್ಷೆ ಮಾತ್ರ.

6. ಬಣ್ಣವೇ ಬೆಲೆಯಾದ ಗೊಂಬೆಗಳು

ಚನ್ನಪಟ್ಟಣದ ಗೊಂಬೆಯ ಬಣ್ಣ ಪೇಂಟಲ್ಲ, ಅರಗು. ತಿರುಗುವ ಆಲೆಮರದ ತುಂಡಿಗೆ ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತಿದಾಗ ಘರ್ಷಣೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತೆ. ಅರಗು ನೀರಿನಲ್ಲಿ ಕರಗಲ್ಲ, ಆದರೆ ಆಲ್ಕೊಹಾಲಿನಲ್ಲಿ ಕರಗುತ್ತೆ, ಪ್ರತ್ಯಾಮ್ಲದಲ್ಲೂ ಕರಗುತ್ತೆ. ಆದ್ದರಿಂದ ಆ ಗೊಂಬೆಯನ್ನು ಸ್ಯಾನಿಟೈಸರಿನಿಂದ ಒರೆಸಬೇಡಿ, ಸೋಡಾ ನೀರಿಗೆ ಹಾಕಬೇಡಿ. ಒಣ ಬಟ್ಟೆ ಸಾಕು.

ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆ, ಆಂಧ್ರದ ಕೊಂಡಪಲ್ಲಿ ಗೊಂಬೆಗಳಲ್ಲಿ ಹುಣಸೆಬೀಜದ ಅಂಟು, ಮರದ ಹೊಟ್ಟು ಸೇರಿದ ಮೆತ್ತನೆ ಇರುತ್ತೆ. ಹುಣಸೆಬೀಜದ ಅಂಟಿಗೆ ನೀರು ಸೋಕಿದರೂ ಕಷ್ಟ. ನೆನೆಹಾಕಿದರೆ ಬಣ್ಣದ ಜೊತೆ ಗೊಂಬೆಯ ಕೈಕಾಲೂ ಕಳಚಿ ಬರಬಹುದು. ಕುಶಲಕರ್ಮಿ ಕೈಯಿಂದ ಹಚ್ಚಿದ ಬಣ್ಣ ಹೋದರೆ ಗೊಂಬೆಯೇ ಹೋದ ಹಾಗೆ. ಇಂಥದ್ದನ್ನು ಮಾಸಿದ ಬಣ್ಣದಲ್ಲೇ ಇಟ್ಟುಕೊಳ್ಳಿ.

7. ಚಟುವಟಿಕೆ 2: ಯಾವ ಬಣ್ಣ, ಯಾವ ದ್ರವ?

ಬೇಕಾದ್ದು: ಸೋಡಾ ಬಾಟಲಿಯ ಕಬ್ಬಿಣದ ಮುಚ್ಚಳ 9, ಪೋಸ್ಟರ್ ಕಲರ್, ಅಕ್ರಿಲಿಕ್ ಬಣ್ಣ, ಹೊಸದಾಗಿ ಕೊಂಡ ಎನಾಮಲ್ ಬಣ್ಣ, ವಾಷಿಂಗ್ ಸೋಡಾ, ಸಾಬೂನು, ಸ್ಯಾನಿಟೈಸರ್, ಗಾಜಿನ ಬಟ್ಟಲು, ಕೈಗವಸು, ಹಳೇ ಟೂತ್‌ಬ್ರಷ್.

1. ಮುಚ್ಚಳಗಳ ಹೊರಮೈಗೆ ಬಣ್ಣ ಹಚ್ಚಿ, ಒಂದೊಂದು ಬಣ್ಣಕ್ಕೆ ಮೂರು ಮುಚ್ಚಳ. ಒಂದು ವಾರ ಒಣಗಲು ಬಿಡಿ. ಎನಾಮಲ್ಲಿಗೆ ಆಕ್ಸಿಜನ್ ಜೊತೆ ವರ್ತಿಸಲು ಅಷ್ಟು ಸಮಯ ಬೇಕು.
2. ಮೂರು ಬಟ್ಟಲಲ್ಲಿ ಕ್ರಮವಾಗಿ ಸಾಬೂನು ನೀರು, ವಾಷಿಂಗ್ ಸೋಡಾ ದ್ರಾವಣ (ಒಂದು ಲೋಟ ನೀರಿಗೆ ಎರಡು ಚಮಚ), ಸ್ಯಾನಿಟೈಸರ್ ಹಾಕಿ. ಪ್ರತಿ ಬಟ್ಟಲಿಗೆ ಮೂರು ಬಣ್ಣದ ಒಂದೊಂದು ಮುಚ್ಚಳ ಹಾಕಿ ಮುಚ್ಚಿಡಿ. ಸ್ಯಾನಿಟೈಸರ್ ಬಟ್ಟಲು ಬೆಂಕಿಯಿಂದ ದೂರ, ಕಿಟಕಿ ತೆರೆದ ಜಾಗದಲ್ಲಿರಲಿ.
3. 10 ನಿಮಿಷ, 1 ಗಂಟೆ, 1 ದಿನ ಆದ ಮೇಲೆ ನೋಡಿ. ಕೈಗವಸು ಹಾಕಿ ಬ್ರಷ್ಷಿನಿಂದ ಹತ್ತು ಸಲ ಉಜ್ಜಿ. ಕರಗಿತಾ, ಸುಕ್ಕುಗಟ್ಟಿತಾ, ಹಾಗೇ ಇದೆಯಾ? ಪಟ್ಟಿಯಲ್ಲಿ ಬರೆಯಿರಿ.

ಪ್ರತಿ ಮುಚ್ಚಳಕ್ಕೂ ಹತ್ತೇ ಸಲ ಯಾಕೆ? ಒಂದನ್ನು ಜೋರಾಗಿ ಇನ್ನೊಂದನ್ನು ಮೆಲ್ಲಗೆ ಉಜ್ಜಿದರೆ ವ್ಯತ್ಯಾಸ ದ್ರವದಿಂದ ಬಂತೋ ನಿಮ್ಮ ಕೈಯಿಂದ ಬಂತೋ ಹೇಳಲಾಗಲ್ಲ. ಒಂದು ಅಂಶವನ್ನು ಮಾತ್ರ ಬದಲಿಸಿ, ಉಳಿದದ್ದನ್ನು ಒಂದೇ ರೀತಿ ಇಡುವುದೇ ಸರಿಯಾದ ಪ್ರಯೋಗ. ನೀವು ಊಹಿಸಿದ್ದಕ್ಕೆ ಫಲಿತಾಂಶ ಹೊಂದದಿದ್ದರೆ ಫಲಿತಾಂಶವನ್ನು ತಿದ್ದಬೇಡಿ, ಕಾರಣ ಹುಡುಕಿ.

ಮುಗಿದ ಮೇಲೆ ಆ ದ್ರವವನ್ನು ಬಾವಿಕಟ್ಟೆಯ ಹತ್ತಿರವೋ ಗಿಡದ ಬುಡಕ್ಕೋ ಚೆಲ್ಲಬೇಡಿ. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಅಂಗಳದ ಬಾವಿ, ಬೋರ್‌ವೆಲ್ಲೇ ಕುಡಿಯುವ ನೀರು. ಬಟ್ಟಲಿನ ತಳದ ಬಣ್ಣದ ಕೆಸರನ್ನು ಹಳೇ ಪತ್ರಿಕೆಗೆ ಹೀರಿಸಿ, ಬಯಲಲ್ಲಿ ಒಣಗಿಸಿ, ಕಟ್ಟಿ ಒಣಕಸಕ್ಕೆ ಕೊಡಿ. ಸುಡಬೇಡಿ.

ಬಿಡಿಸಿದ ಗೊಂಬೆಯನ್ನು ಸಾಬೂನು ನೀರಿನಲ್ಲಿ ತೊಳೆದು ಒಂದು ದಿನ ಒಣಗಿಸಿ, ಆಮೇಲೆ ಹೊಸ ಬಣ್ಣ ಹಚ್ಚಿ. ಜಿಡ್ಡು ಅಥವಾ ಸೋಡಾ ಉಳಿದರೆ ಹೊಸ ಬಣ್ಣವೂ ಅಂಟಲ್ಲ. ಹಳೇ ಬಣ್ಣ ಬಿಡಿಸಿದ ರಸಾಯನಶಾಸ್ತ್ರವೇ ಹೊಸದನ್ನೂ ಬಿಡಿಸುತ್ತೆ!

ಯೋಚಿಸಿ, ಉತ್ತರಿಸಿ

1. ಎನಾಮಲ್ ಬಣ್ಣ ಒಣಗುವುದು ಭೌತ ಬದಲಾವಣೆಯೋ ರಾಸಾಯನಿಕ ಬದಲಾವಣೆಯೋ? ಉಗುರುಬಣ್ಣ ಒಣಗುವುದು? ಕಾರಣ ಕೊಡಿ.
2. ಒಂದು ಪ್ಲಾಸ್ಟಿಕ್ ಚೂರು ನೀರಿನಲ್ಲಿ ಮುಳುಗಿತು, ಉಪ್ಪುನೀರಿನಲ್ಲಿ ತೇಲಿತು. ಅದರ ಮೇಲಿನ ಅಕ್ರಿಲಿಕ್ ಬಣ್ಣಕ್ಕೆ ಅಸಿಟೋನ್, ಸ್ಪಿರಿಟ್ ಇವೆರಡರಲ್ಲಿ ಯಾವುದು ಸರಿ? ಯಾಕೆ?
3. ಲೋಹದ ಗೊಂಬೆಯ ತೂಕ 27 ಗ್ರಾಂ, ಅದು ಏರಿಸಿದ ನೀರು 10 ಮಿಲಿಲೀಟರ್. ಲೋಹ ಯಾವುದು? ಇದನ್ನು ವಾಷಿಂಗ್ ಸೋಡಾದಲ್ಲಿ ನೆನೆಹಾಕಬಹುದೇ?
4. ಪಿಎಚ್ 9 ಇರುವ ದ್ರಾವಣಕ್ಕಿಂತ ಪಿಎಚ್ 11 ಇರುವ ದ್ರಾವಣದಲ್ಲಿ ಹೈಡ್ರಾಕ್ಸೈಡ್ ಅಯಾನುಗಳು ಎಷ್ಟು ಪಟ್ಟು ಹೆಚ್ಚು?
5. ನಿಮ್ಮ ಮನೆಯ ಕ್ಲೀನರ್ ಬಾಟಲಿಗಳ ಚೀಟಿ ಓದಿ ಪ್ರತಿಯೊಂದರಲ್ಲಿರುವ ಮುಖ್ಯ ರಾಸಾಯನಿಕದ ಹೆಸರು ಬರೆಯಿರಿ. ಆಮ್ಲ ಯಾವುದು, ಪ್ರತ್ಯಾಮ್ಲ ಯಾವುದು, ಬ್ಲೀಚ್ ಯಾವುದು ಅಂತ ವಿಂಗಡಿಸಿ. ಯಾವ ಎರಡು ಬಾಟಲಿಗಳನ್ನು ಅಕ್ಕಪಕ್ಕ ಇಡಬಾರದು?

ಐದನೇ ಪ್ರಶ್ನೆಯ ಉತ್ತರವನ್ನು ಮನೆಯವರಿಗೂ ಓದಿ ಹೇಳಿ. ಪಟ್ಟಿ ತಯಾರಾದ ಮೇಲೆ ತರಗತಿಯ ಗೋಡೆಗೆ ಅಂಟಿಸಿ; ಕನ್ನಡದ ಹೆಸರಿನ ಪಕ್ಕದಲ್ಲಿ ನಿಮ್ಮೂರಿನ ಅಂಗಡಿಯಲ್ಲಿ ಕರೆಯುವ ಹೆಸರೂ ಇರಲಿ.